ನಾಳೆಯೂ ಮುಖ ನೋಡಬೇಕಾದವರ ನ್ಯಾಯ

ಗಡಿ ಒತ್ತುವರಿಯ ವ್ಯಾಜ್ಯವೊಂದು ನ್ಯಾಯಾಲಯದಲ್ಲಿ ಇತ್ಯರ್ಥವಾದ ಮೇಲೂ ಗೆದ್ದವರು ಮತ್ತು ಸೋತವರು ಅದೇ ಬದುವಿನ ಆಚೀಚೆ ಬದುಕಬೇಕಾಗುತ್ತದೆ. ಸಮುದಾಯದ ಹಿರಿಯರು ಕೂತು ನ್ಯಾಯ ಹೇಳುವ ಪದ್ಧತಿಗಳು ಬಾಳಿ ಬಂದಿರುವುದು ಈ ಕಾರಣಕ್ಕೆ ಎಂದು ನನಗೆ ಅನ್ನಿಸುತ್ತದೆ. ತಪ್ಪು ಯಾರದು ಎಂಬುದರಷ್ಟೇ, ನಾಳೆ ಇವರಿಬ್ಬರೂ ಒಂದೇ ದಾರಿಯಲ್ಲಿ ಹೇಗೆ ನಡೆಯುತ್ತಾರೆ ಎಂಬುದೂ ಅಲ್ಲಿ ಮುಖ್ಯವಾಗುತ್ತದೆ.

ಈ ಬಗ್ಗೆ ಓದುವಾಗಲೆಲ್ಲ ನಾನು ಮರಳಿ ಹೋಗುವುದು ಸ್ಪೇನಿನ ವೆಲೆನ್ಸಿಯಾದ ನೀರಿನ ನ್ಯಾಯಮಂಡಳಿಗೆ. ತುರಿಯಾ ನದಿಯ ಕಾಲುವೆಗಳಿಂದ ಹೊಲಕ್ಕೆ ನೀರು ಹಾಯಿಸುವ ರೈತರು ತಮ್ಮೊಳಗಿಂದಲೇ ಆರಿಸಿದ 8 ಪ್ರತಿನಿಧಿಗಳು ಪ್ರತಿ ಗುರುವಾರ ನಡುಮಧ್ಯಾಹ್ನ ಅಲ್ಲಿನ ಪ್ರಧಾನ ಚರ್ಚಿನ ಬಾಗಿಲಲ್ಲಿ, ಎಲ್ಲರಿಗೂ ಕಾಣುವಂತೆ ಕೂರುತ್ತಾರೆ. ಸರದಿ ತಪ್ಪಿಸಿ ನೀರು ಹಾಯಿಸಿಕೊಂಡವರು, ಕಾಲುವೆಯ ಹೂಳು ತೆಗೆಯದವರು ಅಲ್ಲಿ ಉತ್ತರ ಹೇಳಬೇಕು. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲೇ, ತೀರ್ಪು ಅಲ್ಲೇ. 2009ರಲ್ಲಿ ಯುನೆಸ್ಕೋ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹಳಮೆಯಲ್ಲ, ಒಂದು ಸಣ್ಣ ಕಟ್ಟಳೆ: ವ್ಯಾಜ್ಯ ಯಾವ ಕಾಲುವೆಗೆ ಸೇರಿದ್ದೋ ಆ ಕಾಲುವೆಯ ಪ್ರತಿನಿಧಿ ತೀರ್ಮಾನದಿಂದ ಹೊರಗುಳಿಯುತ್ತಾನೆ. ನೀರಿನ ಮರ್ಮ ಬಲ್ಲವರೇ ನ್ಯಾಯ ಹೇಳಬೇಕು, ಆದರೆ ಆ ನೀರಿನ ಋಣದಲ್ಲಿರುವವರು ಹೇಳಬಾರದು ಎಂಬ ಎಚ್ಚರ ಅದು.

ಇಂಥ ಎಚ್ಚರವಿಲ್ಲದ ಕಡೆ ಹತ್ತಿರದವರ ನ್ಯಾಯವು ಹತ್ತಿರದವರ ದಬ್ಬಾಳಿಕೆಯೂ ಆಗಬಲ್ಲದು. 1994ರ ನರಮೇಧದ ನಂತರ ರುವಾಂಡಾದ ಸೆರೆಮನೆಗಳು ಆರೋಪಿಗಳಿಂದ ತುಂಬಿ ತುಳುಕಿದಾಗ, ನೆರೆಹೊರೆಯ ಜಗಳಗಳಿಗೆಂದು ರೂಢಿಯಲ್ಲಿದ್ದ ‘ಗಚಾಚಾ’ ಎಂಬ ಪದ್ಧತಿಯನ್ನು ಸರ್ಕಾರ ಕಾನೂನಿನ ಚೌಕಟ್ಟಿಗೆ ತಂದಿತು. 2012ರಲ್ಲಿ ಅವು ಮುಚ್ಚುವ ಹೊತ್ತಿಗೆ ಸುಮಾರು 12,000 ನ್ಯಾಯಮಂಡಳಿಗಳು 19 ಲಕ್ಷದಷ್ಟು ಪ್ರಕರಣಗಳನ್ನು ಮುಗಿಸಿದ್ದವು. ಹೆಣಗಳನ್ನು ಎಲ್ಲಿ ಹೂತಿದ್ದಾರೆಂದು ಎಷ್ಟೋ ಕುಟುಂಬಗಳಿಗೆ ತಿಳಿದದ್ದು ಅಲ್ಲಿ ನೆರೆಯವರು ಬಾಯಿಬಿಟ್ಟಾಗ. ಸಾಕ್ಷಿಗಳನ್ನು ಬೆದರಿಸಿದ್ದು, ಹಳೆಯ ದ್ವೇಷ ತೀರಿಸಲು ಸುಳ್ಳು ಹೇಳಿದ್ದು ನಡೆದದ್ದೂ ಅಲ್ಲಿಯೇ. ಹಾಗಾಗಿ ಗಚಾಚಾ ಗೆದ್ದಿತೆ, ಸೋತಿತೆ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ನಮ್ಮ ದೇಶದ ಜಾತಿ ಪಂಚಾಯಿತಿಗಳ ವಿಷಯದಲ್ಲಿ ನನಗೆ ಇಂಥ ಹಿಂಜರಿಕೆ ಕಡಿಮೆ. ಊಟ, ನೀರು, ಮದುವೆ, ಮಸಣ ಎಲ್ಲದರಿಂದ ಹೊರಗಿಡುವ ಬಹಿಷ್ಕಾರವೇ ದಂಡವಾಗಿರುವಾಗ ‘ಹಿರಿಯರ ಮಾತಿಗೆ ಒಪ್ಪಿದರು’ ಎನ್ನುವುದಕ್ಕೆ ಏನರ್ಥ? ಮಹಾರಾಷ್ಟ್ರವು 2016ರಲ್ಲಿ ಬಹಿಷ್ಕಾರವನ್ನೇ ಅಪರಾಧವೆಂದು ಸಾರುವ ಕಾನೂನು ತಂದಿತು. ವಯಸ್ಕರಿಬ್ಬರು ಮೆಚ್ಚಿ ಮಾಡಿಕೊಳ್ಳುವ ಮದುವೆಯನ್ನು ತಡೆಯಲು ಉತ್ತರ ಭಾರತದಲ್ಲಿ ಕುಲ-ಗೋತ್ರದ ಹಿರಿಯರು ಕೂಡುವ ಖಾಪ್ ಪಂಚಾಯಿತಿಗಳಿಗೆ ಯಾವ ಅಧಿಕಾರವೂ ಇಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ರಾಜಿಯ ಹಳೆಯ ಆಶಯವನ್ನು ಕಾನೂನಿನೊಳಗೆ ತಂದ ಲೋಕ ಅದಾಲತ್ತನ್ನು ನಾನು ಅಳೆಯುವುದೂ ಒಪ್ಪಿಗೆಯ ಈ ಪ್ರಶ್ನೆಯಿಂದಲೇ. 1987ರ ಕಾಯ್ದೆಯಂತೆ ಅಲ್ಲಿ ಆದ ಒಪ್ಪಂದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ, ಅಂದರೆ ತೀರ್ಪಿನ ಆಜ್ಞೆಯ, ಬಲವಿದೆ, ಮೇಲ್ಮನವಿಗೆ ಅವಕಾಶವಿಲ್ಲ. ಆದ್ದರಿಂದ ಬೇಗ ಮುಗಿದರೆ ಸಾಕೆಂಬ ದಣಿವಿನಲ್ಲಿ ಹಾಕಿದ ಸಹಿಯೂ ಅಲ್ಲಿ ಕೊನೆಯ ಮಾತಾಗಿಬಿಡುವ ಅಪಾಯವಿದೆ. ಆದರೂ ಒಬ್ಬರು ಒಲ್ಲೆನೆಂದರೆ ಅದಾಲತ್ತು ತಾನಾಗಿ ತೀರ್ಪು ಹೇರುವಂತಿಲ್ಲ. ನ್ಯಾಯಾಲಯದಿಂದ ಬಂದ ಪ್ರಕರಣವಾದರೆ ಕಡತವು ಬಂದ ದಾರಿಯಲ್ಲೇ ನ್ಯಾಯಾಲಯಕ್ಕೆ ಮರಳುತ್ತದೆ. ಜಾತಿ ಪಂಚಾಯಿತಿಯ ಮುಂದೆ ಕೈಕಟ್ಟಿ ನಿಂತವರಿಗೆ ಹಾಗೆ ಮರಳಿ ಹೋಗುವ ದಾರಿ ಇರಲಿಲ್ಲ.