ಮಂದ ಬೆಳಕಿನ ಅನುಬಿಯಾಸ್

ನಮ್ಮ ನಡುಮನೆಯಲ್ಲಿ, ಕಿಟಕಿಯ ಬಿಸಿಲು ತಾಗದ ಗೋಡೆಗೆ ಒತ್ತಿಕೊಂಡಂತೆ, ಸುಮಾರು 50 ಲೀಟರ್ ನೀರು ಹಿಡಿಯುವ ಎರಡಡಿ ಉದ್ದದ ಅಕ್ವೇರಿಯಂ ಇದೆ. ಅದರಲ್ಲಿ ಅನುಬಿಯಾಸ್ ನಾನಾ ಮತ್ತು ಜಾವಾ ಫರ್ನ್ ಎಂಬ ಎರಡೇ ಜಾತಿಯ ಗಿಡಗಳನ್ನು ಬೇರೂರಿಸಿದ್ದೇನೆ. ಎರಡೂ ನಿಧಾನವಾಗಿ ಬೆಳೆಯುವಂಥವು. ಅನುಬಿಯಾಸ್ ನನ್ನ ತೊಟ್ಟಿಯಲ್ಲಿ ಒಂದು ಹೊಸ ಎಲೆ ಬಿಡಲು ಮೂರು ನಾಲ್ಕು ವಾರ ತೆಗೆದುಕೊಳ್ಳುತ್ತದೆ.

ಮೊದಲ ಗಿಡವನ್ನು ನಾನು ಉಳಿಸಿಕೊಳ್ಳಲಿಲ್ಲ. ಅಂಗಡಿಯವರು ಹೇಳಿದಂತೆ ಅದನ್ನು ಜಲ್ಲಿಯೊಳಗೆ ಆಳವಾಗಿ ನೆಟ್ಟಿದ್ದೆ. ಅನುಬಿಯಾಸ್‌ಗೆ ಅರಿಶಿನದ ಕೊಂಬಿನ ಹಾಗೆ ಅಡ್ಡಕ್ಕೆ ಹರಿಯುವ ದಪ್ಪ ಕಾಂಡವಿರುತ್ತದೆ. ಬೇರು ಜಲ್ಲಿಗೆ ಇಳಿಯಬಹುದು, ಆದರೆ ಆ ಕಾಂಡ ಹೂತುಹೋದರೆ ಕೊಳೆಯುತ್ತದೆ. ಒಂದು ದಿನ ಎಲೆಯೊಂದನ್ನು ಮುಟ್ಟಿದಾಗ ಅದು ತೊಟ್ಟಿನ ಸಮೇತ ಕೈಗೆ ಬಂತು, ಬುಡ ಮೆತ್ತಗಾಗಿ ನಾರುತ್ತಿತ್ತು. ಎರಡನೆಯ ಗಿಡವನ್ನು ಹತ್ತಿಯ ದಾರದಿಂದ ಮರದ ಕೊರಡಿಗೆ ಕಟ್ಟಿದೆ. ದಾರ ಶಿಥಿಲವಾಗುವಷ್ಟರಲ್ಲಿ ಬೇರುಗಳು ಕೊರಡನ್ನು ಹಿಡಿದುಕೊಂಡಿದ್ದವು.

ಬೆಳಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೇಗ ಬೆಳೆಯುವ ಗಿಡಗಳು ಹಳೆಯ ಎಲೆಯನ್ನು ಕಳೆದುಕೊಂಡು ಹೊಸದನ್ನು ಚಿಗುರಿಸುತ್ತಲೇ ಇರುವುದರಿಂದ ಪಾಚಿ ನೆಲೆಯೂರಲು ಅವಕಾಶ ಕಡಿಮೆ. ಅನುಬಿಯಾಸ್‌ನ ಎಲೆಯಾದರೋ ವರ್ಷಕ್ಕೂ ಹೆಚ್ಚು ಕಾಲ ಬದುಕುವುದರಿಂದ, ಅದರ ಮೇಲೆ ಕೂತ ಪಾಚಿ ಅಲ್ಲಿಯೇ ಬಲಿಯುತ್ತದೆ. ದಿನಕ್ಕೆ 10 ಗಂಟೆ ದೀಪ ಉರಿಸುತ್ತಿದ್ದಾಗ ಎಲೆಗಳ ಮೇಲೆ ಹೆಬ್ಬೆರಳಿನಿಂದ ಉಜ್ಜಿದರೂ ಹೋಗದ ಹಸಿರು ಚುಕ್ಕೆಗಳು ಮೂಡಿದ್ದವು. ಪಶ್ಚಿಮ ಆಫ್ರಿಕಾದ ಕಾಡಿನ ತೊರೆಗಳ ಅಂಚಿನಲ್ಲಿ, ಮರಗಳ ನೆರಳಿನಲ್ಲಿ ಬೆಳೆಯುವ ಗಿಡಕ್ಕೆ ಅಷ್ಟು ಬೆಳಕು ಬೇಕಾಗಿರಲಿಲ್ಲ. ಟೈಮರ್ ಹಾಕಿ ದೀಪವನ್ನು 6 ಗಂಟೆಗೆ ಇಳಿಸಿದೆ, ನೀರಿನ ಮೇಲೆ ಒಂದಿಷ್ಟು ಅಂತರಗಂಗೆಯನ್ನು ತೇಲಿಬಿಟ್ಟೆ. ಅದು ನೆರಳು ಕೊಡುವುದಲ್ಲದೆ ಮೀನಿನ ಗಲೀಜಿನಿಂದ ಬರುವ ನೈಟ್ರೇಟನ್ನೂ ಹೀರಿಕೊಳ್ಳುತ್ತದೆ. (ಹೆಚ್ಚಾದ ಅಂತರಗಂಗೆಯನ್ನು ದಯವಿಟ್ಟು ಕೆರೆಗೆ ಎಸೆಯಬೇಡಿ, ನಾನು ಒಣಗಿಸಿ ಕುಂಡಗಳಿಗೆ ಹಾಕುತ್ತೇನೆ.) ಗಿಡಗಳಿಗಾಗಿ ನೀರಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನ ಸಿಲಿಂಡರನ್ನು ನಾನು ಕೊಳ್ಳಲೇ ಇಲ್ಲ, ಇಷ್ಟು ಮಂದ ಬೆಳಕಿನಲ್ಲಿ ನೀರಿನಲ್ಲಿ ಸಹಜವಾಗಿ ಇರುವುದೇ ಈ ಗಿಡಗಳಿಗೆ ಸಾಕಾಗುತ್ತದೆ.

ಜಾವಾ ಫರ್ನ್ ಇನ್ನೂ ಸುಲಭ. ಎಲೆಯ ಅಡಿಯಲ್ಲಿ ಸಾಲಾಗಿ ಕಪ್ಪು ಉಬ್ಬುಗಳು ಕಂಡಾಗ ರೋಗವೆಂದು ಭಾವಿಸಿ ಮೂರು ಎಲೆಗಳನ್ನು ಕತ್ತರಿಸಿದ್ದೆ. ಅವು ಬೀಜಾಣುಗಳ ಗುಂಪುಗಳು, ಜರೀಗಿಡಗಳಿಗೆ ಸಹಜವಾದವು. ಉಳಿಸಿದ ಎಲೆಗಳ ತುದಿಯಲ್ಲಿ ಆಮೇಲೆ ಬೇರು ಸಮೇತ ಪುಟ್ಟ ಮರಿಗಿಡಗಳು ಮೂಡಿದವು.

ಈ ವಾರ ಅನುಬಿಯಾಸ್‌ನ ಕಾಂಡದ ತುದಿಯಲ್ಲಿ ಸುರುಳಿ ಸುತ್ತಿದ ಎಳೆ ಎಲೆಯೊಂದು ಬಂದಿದೆ. ವೀಳ್ಯದೆಲೆಯ ಚಿಗುರಿನಷ್ಟು ತಿಳಿಯಾದ ಹಸಿರು; ಪಕ್ಕದ ಹಳೆಯ ಎಲೆಯ ಮೇಲೆ ಆ 10 ಗಂಟೆಯ ದಿನಗಳ ಚುಕ್ಕೆಗಳು ಈಗಲೂ ಇವೆ, ಇದರ ಮೇಲೆ ಒಂದೂ ಇಲ್ಲ.