ಕೈ ಹಿಂದಕ್ಕೆ ತೆಗೆದ ಬೆಳಗ್ಗೆ

ನನ್ನ ಹತ್ತಿರ ಎರಡು ಸರ್ಟಿಫಿಕೇಟ್ ಇವೆ. ಮೊದಲನೆಯದು ಆಟಗಾರರಿಗೆ ಮಸಾಜ್ ಮಾಡುವುದಕ್ಕೆ. ಎರಡನೆಯದು ಕುದುರೆಗಳಿಗೆ. ಅದನ್ನು ಎಷ್ಟೋ ವರ್ಷ ಬಿಟ್ಟು ಕಲಿತೆ. "ಮಾಂಸಖಂಡ ಎಲ್ಲಾ ಒಂದೇ ಅಲ್ವಾ, ಮತ್ತೆ ಯಾಕೆ ಓದಬೇಕು?" ಎಂದು ಕೇಳುವವರು ಜಾಸ್ತಿ.

ಒಂದೇ ಅಲ್ಲ. ಕುದುರೆಗೆ ಕಾಲರ್ ಬೋನ್ ಇಲ್ಲ. ಮುಂಗಾಲುಗಳು ಎದೆಗೂಡಿಗೆ ಕೂಡಿಕೊಂಡಿರುವುದು ಮಾಂಸಖಂಡಗಳಿಂದಲೇ. ಮೈಭಾರದ ಸುಮಾರು ಶೇ. 60ರಷ್ಟು ಬೀಳುವುದೂ ಆ ಕಾಲುಗಳ ಮೇಲೇ. ಮಂಡಿಯಿಂದ ಕೆಳಗೆ ಒತ್ತಲು ಮಾಂಸಖಂಡವೇ ಸಿಗುವುದಿಲ್ಲ, ಎಲುಬು ಮತ್ತು ಸ್ನಾಯುರಜ್ಜು ಅಷ್ಟೇ. ಓಟಗಾರನ ಮೀನಖಂಡಕ್ಕೆ ಒತ್ತಿದ ಹಾಗೆ ಅಲ್ಲಿ ಒತ್ತುವಂತಿಲ್ಲ. ಇನ್ನು ಓಟಗಾರ "ಅಲ್ಲೇ, ಅಲ್ಲೇ" ಎಂದು ಬಾಯಿಬಿಟ್ಟು ಹೇಳುತ್ತಾನೆ. ಕುದುರೆ ಕಿವಿ ಹಿಂದಕ್ಕೆ ಮಡಚುತ್ತದೆ, ಬಾಲ ಬೀಸುತ್ತದೆ. ಅದನ್ನು ಓದಲು ಬರಬೇಕು.

ಆ ದಿನ ಬೆಳಗ್ಗೆ ಲಾಯದಿಂದ ಫೋನ್ ಬಂತು. ಕುದುರೆ ಓಡಿ ಬಂದ ಮೇಲೆ ಹೆಜ್ಜೆ ಕಿತ್ತಿಡುತ್ತಿಲ್ಲವಂತೆ. ಹೋಗಿ ನೋಡಿದೆ. ಮೈಯೆಲ್ಲ ಬೆವರು. ಸೊಂಟದ ಹಿಂದೆ ಮೆಲ್ಲಗೆ ಅಂಗೈ ಇಟ್ಟೆ. ಕಲ್ಲು ಮುಟ್ಟಿದ ಹಾಗಿತ್ತು.

"ಹಿಡಿದುಕೊಂಡಿದೆ ಮೇಡಂ, ಸ್ವಲ್ಪ ಚೆನ್ನಾಗಿ ತಿಕ್ಕಿಬಿಡಿ," ಎಂದರು ಕುದುರೆ ನೋಡಿಕೊಳ್ಳುವವರು.

ನಾನು ದವಡೆಯ ಅಡಿ ಬೆರಳಿಟ್ಟು ನಾಡಿ ಎಣಿಸಿದೆ. ಸುಮ್ನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕು. ಇದಕ್ಕೆ 60 ದಾಟಿತ್ತು. ಓಡಿ ಬಂದು ಅರ್ಧ ಗಂಟೆಯ ಮೇಲಾಗಿತ್ತು. ಎರಡು ದಿನ ಕೆಲಸವಿಲ್ಲದೆ ಕಟ್ಟಿ ಹಾಕಿದ್ದರೂ ಕಾಳು ಮಾತ್ರ ಎಂದಿನಷ್ಟೇ ಹಾಕಿದ್ದರು ಎಂದು ಕೇಳಿ ತಿಳಿದುಕೊಂಡೆ. ಮಾಂಸಖಂಡ ಒಳಗೇ ಒಡೆಯುತ್ತಿದೆ ಎಂಬ ಅನುಮಾನ ಆಗ ಗಟ್ಟಿಯಾಯಿತು.

ಮನುಷ್ಯರ ಕೋರ್ಸಿನಲ್ಲೇ ಕಲಿತಿದ್ದೆ: ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಮುಟ್ಟಬೇಡ, ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರ ಹತ್ತಿರ ಕಳಿಸು. ಕುದುರೆಗಳ ಕೋರ್ಸಿನಲ್ಲೂ ಅಂಥದ್ದೇ ಒಂದು ಪಟ್ಟಿ ಇತ್ತು. ಈ ಬಿಗಿತ ಅದರಲ್ಲಿತ್ತು. ಮಾಂಸಖಂಡ ಒಳಗೇ ಒಡೆಯುತ್ತಿರುವಾಗ ಒತ್ತಿದರೆ ಇನ್ನಷ್ಟು ಹಾಳಾಗುತ್ತದೆ. ಆದರೆ ರೋಗ ಇದೇ ಎಂದು ಹೇಳುವ ಅಧಿಕಾರ ನನಗಿಲ್ಲ, ಅದು ಪಶುವೈದ್ಯರ ಕೆಲಸ.

"ನಾನು ಮುಟ್ಟೋದಿಲ್ಲ. ನಡೆಸಲೂ ಬೇಡಿ. ಈಗಲೇ ಡಾಕ್ಟರನ್ನು ಕರೆಸಿ," ಎಂದೆ. ಅವರಿಗೆ ಬೇಸರವಾಯಿತು. ಕರೆದದ್ದೇ ತಿಕ್ಕಲು, ಬಂದವಳು ಕೈ ಕಟ್ಟಿ ನಿಂತರೆ ಯಾರಿಗಾದರೂ ಆಗುತ್ತದೆ. ಡಾಕ್ಟರ್ ಬರುವವರೆಗೆ ಕುದುರೆಯ ತಲೆಯ ಪಕ್ಕದಲ್ಲೇ ನಿಂತಿದ್ದೆ. ಅಷ್ಟರಲ್ಲಿ ಅದು ಉಚ್ಚೆ ಹೊಯ್ದಿತು. ಕಾಫಿ ಡಿಕಾಕ್ಷನ್ ಬಣ್ಣ. ಕುದುರೆ ನೋಡಿಕೊಳ್ಳುವವರು ಅದನ್ನು ನೋಡಿ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಅನುಮಾನ ನಿಜವಾಗಿತ್ತು. ಒಡೆದ ಮಾಂಸಖಂಡದಿಂದ ರಕ್ತಕ್ಕೆ ಸೇರಿದ್ದು ಮೂತ್ರಪಿಂಡವನ್ನು ಕೆಡಿಸದಿರಲಿ ಎಂದು ಡ್ರಿಪ್ ಹಾಕಿದರು. ಕೆಲವು ವಾರಗಳ ಮೇಲೆ ಅವರೇ "ಈಗ ಮಸಾಜ್ ಮಾಡಬಹುದು" ಎಂದು ಬರೆದುಕೊಟ್ಟರು. ಅದೇ ಜಾಗದಲ್ಲಿ ಮತ್ತೆ ಅಂಗೈ ಇಟ್ಟೆ. ಮೆತ್ತಗಿತ್ತು. ಸ್ವಲ್ಪ ಹೊತ್ತಿಗೆ ಕುದುರೆ ತಲೆ ತಗ್ಗಿಸಿ, ಕೆಳತುಟಿ ಇಳಿಬಿಟ್ಟು ಕಣ್ಣು ಅರೆಮುಚ್ಚಿತು.