ಸಿಯಂ ರೀಪ್‌ಗೆ ಮಕ್ಕಳ ಸೇವೆಗೆಂದು ಹೊರಡುವ ಮುನ್ನ

ಕಾಂಬೋಡಿಯಾದ ಸಿಯಂ ರೀಪ್ ತಲುಪಿದ ಎರಡನೆಯ ದಿನವೇ ಟುಕ್‌ಟುಕ್ ಚಾಲಕನೊಬ್ಬ ನನ್ನನ್ನು ಅನಾಥಾಶ್ರಮವೊಂದಕ್ಕೆ ಕರೆದೊಯ್ದ. ದಾರಿಯಲ್ಲಿ ಮಕ್ಕಳಿಗೆಂದು ಒಂದು ಚೀಲ ಅಕ್ಕಿಯನ್ನೂ ಕೊಡಿಸಿದ. ಅಲ್ಲಿ ಚಾಪೆಯ ಮೇಲೆ ಕುಳಿತದ್ದೇ ತಡ, ನಾಲ್ಕು ವರ್ಷವಿರಬಹುದಾದ ಹುಡುಗಿಯೊಬ್ಬಳು ಬಂದು ತೊಡೆಯೇರಿ ನನ್ನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಳು. ಯಾರೆಂದು ಮುಖವೆತ್ತಿ ನೋಡಲೂ ಇಲ್ಲ. ಅರ್ಧ ಗಂಟೆಯಲ್ಲಿ ಇನ್ನೊಂದು ಗಾಡಿ ಬಂತು. ಅವಳು ಇಳಿದುಹೋಗಿ ಹೊಸದಾಗಿ ಬಂದವರೊಬ್ಬರ ತೊಡೆಯೇರಿದಳು. ನಮ್ಮ ಮನೆಯ ಮಕ್ಕಳು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತವೆ. ಈ ಮಗುವಿಗೆ ಅಡಗಲು ಸೆರಗೇ ಇರಲಿಲ್ಲ.

ಇಂಥ ಕಡೆ ಹೋಗಬೇಡಿ ಎಂದು ನಾನು ಕೆಲಸ ಮಾಡಬೇಕಿದ್ದ ಸಂಸ್ಥೆ ಮೊದಲೇ ತಿಳಿಸಿತ್ತು. ನಾನು ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಅಲ್ಲಿನ ಅನಾಥಾಶ್ರಮಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಓದು, ಊಟ ಸಿಗುತ್ತದೆಂಬ ಆಸೆಯಿಂದ ಬಡ ಪೋಷಕರು ಮಕ್ಕಳನ್ನು ಬಿಟ್ಟುಹೋಗುತ್ತಾರೆ. ಪ್ರವಾಸಿಗರ ಹಣ ಬರುತ್ತಿರುವವರೆಗೂ ಇಂಥ ಆಶ್ರಮಗಳಿಗೆ ಮಕ್ಕಳು ಬೇಕಾಗುತ್ತಲೇ ಇರುತ್ತಾರೆ. ‘ಮಕ್ಕಳು ಪ್ರೇಕ್ಷಣೀಯ ವಸ್ತುಗಳಲ್ಲ’ ಎಂಬ ಪ್ರಚಾರಾಂದೋಲನವನ್ನು ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 2011ರಲ್ಲಿ ಆರಂಭಿಸಿದ್ದು ಇದೇ ಕಾರಣಕ್ಕೆ.

ಹಾಗಾಗಿ ಸಂಸ್ಥೆಯನ್ನು ಆರಿಸುವಾಗ ನನ್ನ ಸಲಹೆ ಇಷ್ಟೇ: ನಿಮ್ಮನ್ನು ಹೆಚ್ಚು ಪ್ರಶ್ನೆ ಕೇಳುವ ಸಂಸ್ಥೆಯನ್ನು ನಂಬಿ. ನನ್ನಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳಿದರು (ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಸಿಗುತ್ತದೆ, ಹೊರಡುವುದಕ್ಕೆ ಸಾಕಷ್ಟು ಮೊದಲೇ ಅರ್ಜಿ ಹಾಕಿ). ನನ್ನ ಬಗ್ಗೆ ಇಬ್ಬರನ್ನು ವಿಚಾರಿಸಿದರು. ಮಕ್ಕಳ ಫೋಟೊ ತೆಗೆಯುವುದಿಲ್ಲ, ಅವರೊಂದಿಗೆ ಒಬ್ಬಂಟಿಯಾಗಿ ಇರುವುದಿಲ್ಲ ಎಂದು ಬರೆಸಿಕೊಂಡರು. ಶುಲ್ಕ ಕಟ್ಟಿಸಿಕೊಂಡು ಮರುದಿನವೇ ತರಗತಿಯನ್ನು ಒಪ್ಪಿಸುವವರಿಂದ ದೂರವಿರಿ.

ನಾನು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಉದ್ಯೋಗಿ. ಹಳ್ಳಿ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಆ ಪುಟ್ಟ ಸಂಸ್ಥೆಯಲ್ಲಿ ನಾಲ್ಕು ವಾರ ನನಗೆ ಸಿಕ್ಕಿದ್ದೂ ಅದೇ ಕೆಲಸ. ಅಲ್ಲಿನ ಇಬ್ಬರು ಸಿಬ್ಬಂದಿಗೆ ತಿಂಗಳ ಲೆಕ್ಕ ಮುಗಿಸುವುದನ್ನು ಕಲಿಸಬೇಕಿತ್ತು. ಮಕ್ಕಳ ಜೊತೆ ಇರಲೆಂದೇ ಅಷ್ಟು ದೂರ ಹೋದವರಿಗೆ ಮೊದಲ ವಾರ ಬೇಸರವಾಗುತ್ತದೆ, ನನಗೂ ಆಯಿತು. ಆದರೆ ಲೆಕ್ಕ ಸರಿಯಿಲ್ಲದೆ ದಾನಿಯೊಬ್ಬರು ಹಣ ನಿಲ್ಲಿಸಿದ್ದರಿಂದ ಹಿಂದಿನ ವರ್ಷ ಒಂದು ತರಗತಿಯೇ ಮುಚ್ಚಿತ್ತು ಎಂದು ತಿಳಿದಾಗ ಆ ಬೇಸರ ಹೋಯಿತು. ನಾವು ಹೊರಟುಹೋಗುತ್ತೇವೆ, ಆ ಇಬ್ಬರು ಅಲ್ಲೇ ಇರುತ್ತಾರೆ. ಅವರಿಗೆ ಕಲಿಸಿದ್ದು ಮಕ್ಕಳಿಗೆ ತಲುಪುತ್ತದೆ.

ಅವರ ಖರ್ಚಿನ ಪುಸ್ತಕ ತೆರೆದಾಗ ಆಶ್ಚರ್ಯ ಕಾದಿತ್ತು. ಅಲ್ಲಿನ ಭಾಷೆಯಾದ ಖ್ಮೇರ್‌ನ ಅಂಕಿಗಳಲ್ಲಿ ೨, ೩, ೪ ಹೆಚ್ಚುಕಡಿಮೆ ನಮ್ಮವೇ! ಕನ್ನಡ, ಖ್ಮೇರ್ ಎರಡೂ ಲಿಪಿಗಳು ದಕ್ಷಿಣ ಭಾರತದ ಹಳೆಯ ಲಿಪಿಯ ಕುಡಿಗಳು. ಶಾಲೆಗೆ ಅವರು ‘ಸಾಲಾ’ ಎನ್ನುತ್ತಾರೆ, ಗುರುವಿಗೆ ‘ಕ್ರೂ’. ಮೊದಲ ದಿನವೇ ನಾನು ಅಂಕಿಗಳನ್ನು ಬೆರಳಿಟ್ಟು ಓದಿದಾಗ ಪಕ್ಕದಲ್ಲಿದ್ದ ಹುಡುಗಿ ಪುಸ್ತಕವನ್ನು ತಾನಾಗಿಯೇ ನನ್ನ ಕಡೆ ಸರಿಸಿದಳು.

ಒಂದು ಎಚ್ಚರಿಕೆ. ಮಕ್ಕಳು ಕೈಮುಗಿದರೆ ನೀವೂ ಕೈಮುಗಿಯಿರಿ, ತಲೆಯ ಮೇಲೆ ಕೈಯಿಡಬೇಡಿ. ನಮ್ಮಲ್ಲಿ ಆಶೀರ್ವಾದವಾದದ್ದು ಅಲ್ಲಿ ಅಗೌರವ.

ಪ್ರವಾಸಿ ವೀಸಾ ಬೇಡ, ‘ಇ’ ವರ್ಗದ ವೀಸಾ ತೆಗೆದುಕೊಳ್ಳಿ ಎಂದು ಸಂಸ್ಥೆಯೇ ಹೇಳಿತ್ತು; ಅದಕ್ಕೆ 35 ಡಾಲರ್. ಹೊಸ ವಿಮಾನ ನಿಲ್ದಾಣ 2023ರಲ್ಲಿ ಶುರುವಾಗಿದ್ದು, ಊರಿಗೆ 40 ಕಿ.ಮೀ.ಗೂ ಹೆಚ್ಚು ದೂರವಿದೆ. ತಡರಾತ್ರಿ ಇಳಿಯುವುದಾದರೆ ಗಾಡಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಡಾಲರ್ ಎಲ್ಲೆಡೆ ನಡೆಯುತ್ತದೆ, ಆದರೆ ಸ್ವಲ್ಪ ಹರಿದ ನೋಟನ್ನೂ ಮುಟ್ಟುವುದಿಲ್ಲ. ಸಸ್ಯಾಹಾರಿಗಳು ಮೀನಿನ ಸಾಸ್ ಹಾಕಿದ್ದೀರಾ ಎಂದು ಕೇಳಿಯೇ ತಿನ್ನಬೇಕು. ನನ್ನನ್ನು ಕಾಪಾಡಿದ್ದು ಮನೆಯಿಂದ ಒಯ್ದ ಚಟ್ನಿಪುಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ.

ನಾಲ್ಕು ವಾರ ರಜೆ ಸಿಗದವರು, ಆಂಗ್‌ಕೋರ್ ವಾಟ್ ನೋಡಲು ಮೂರು ದಿನಕ್ಕೆ ಹೋಗುವವರು ಏನು ಮಾಡಬಹುದು? ದೇಗುಲದ ದಾರಿಯಲ್ಲೇ ಕಂಠಾ ಬೋಫಾ ಆಸ್ಪತ್ರೆ ಸಮೂಹದ, ರಾಜ ಏಳನೇ ಜಯವರ್ಮನ್ ಹೆಸರಿನ ಮಕ್ಕಳ ಆಸ್ಪತ್ರೆಯಿದೆ. ಚಿಕಿತ್ಸೆ ಉಚಿತ. ಇದನ್ನು ಕಟ್ಟಿದ ಸ್ವಿಟ್ಜರ್ಲೆಂಡಿನ ವೈದ್ಯ ಬೆಯಾಟ್ ರಿಷ್ನರ್ ಶನಿವಾರ ಸಂಜೆ ಪ್ರವಾಸಿಗರಿಗೆ ಚೆಲ್ಲೊ ಎಂಬ ತಂತಿವಾದ್ಯ ನುಡಿಸಿ, ಹಿರಿಯರಿಂದ ಹಣವನ್ನೂ ಕಿರಿಯರಿಂದ ರಕ್ತವನ್ನೂ ಕೇಳುತ್ತಿದ್ದರು. ಅವರು 2018ರಲ್ಲಿ ತೀರಿಕೊಂಡರು, ರಕ್ತದ ಅಗತ್ಯ ಹಾಗೆಯೇ ಉಳಿದಿದೆ, ಮಳೆಗಾಲದಲ್ಲಿ ಡೆಂಗಿ ಹೆಚ್ಚಿದಾಗಲಂತೂ ಇನ್ನೂ ಹೆಚ್ಚು. ನಾನು ಕೊನೆಯ ವಾರ ಅಲ್ಲಿ ರಕ್ತ ಕೊಟ್ಟು ಬಂದೆ. ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದು, ಚೆನ್ನಾಗಿ ನೀರು ಕುಡಿದು, ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಹೋಗಿ. ಆ ದಿನ ದೇಗುಲದ ಕಡಿದಾದ ಮೆಟ್ಟಿಲು ಹತ್ತಬೇಡಿ.